ಕ್ಯಾಟ್‌ಫಿಶ್ ಸಾಕಣೆ: ಕೊಳದ ಲೆಕ್ಕ, ಟ್ಯಾಂಕಿನ ಲೆಕ್ಕ

ಗುಜರಾತಿನಲ್ಲಿ ಕಾನೂನಿನ ಅಡ್ಡಿಯಿಲ್ಲದೆ ದೊಡ್ಡ ಪ್ರಮಾಣದಲ್ಲಿ ಸಾಕಬಹುದಾದ ಕ್ಯಾಟ್‌ಫಿಶ್ ಎಂದರೆ ಬಹುಮಟ್ಟಿಗೆ ಪಂಗಾಸಿಯಸ್ ಒಂದೇ. ಹೋಟೆಲುಗಳಲ್ಲಿ 'ಬಾಸಾ' ಎಂಬ ಹೆಸರಿನಲ್ಲಿ ತಟ್ಟೆಗೆ ಬರುವುದೂ ಇದೇ. 1990ರ ದಶಕದ ಮಧ್ಯದಲ್ಲಿ ಬಾಂಗ್ಲಾದೇಶದ ದಾರಿಯಾಗಿ ಪಶ್ಚಿಮ ಬಂಗಾಳಕ್ಕೆ ಬಂದ ಈ ಮೀನು, ಆಂಧ್ರದ ಕೃಷ್ಣಾ ಮತ್ತು ಪಶ್ಚಿಮ ಗೋದಾವರಿ ಜಿಲ್ಲೆಗಳ ಕೊಳಗಳಲ್ಲಿ ಬೇರೂರಿ, ಅಲ್ಲಿಂದ ದೇಶದ ಉಳಿದ ಕಡೆಗೆ ಹರಡಿತು. ಇದನ್ನು ಬೆಳೆಸಲು ಇಂದು ನಾಲ್ಕು ದಾರಿಗಳಿವೆ: ಮಣ್ಣಿನ ಕೊಳ, ಜಲಾಶಯದ ಪಂಜರ, ಬಯೋಫ್ಲಾಕ್ ಟ್ಯಾಂಕ್, ಮತ್ತು ಬಳಸಿದ ನೀರನ್ನೇ ಶುದ್ಧೀಕರಿಸಿ ಮತ್ತೆ ಹರಿಸುವ ಆರ್‌ಎಎಸ್. ಅಹಮದಾಬಾದ್, ವಡೋದರಾ, ಸೂರತ್‌ಗಳ ಸುತ್ತ ಹಣ ಹೂಡಲು ಹೊರಟವರ ಗಮನ ಮೊದಲು ಹೋಗುವುದು ಕೊನೆಯ ಎರಡರ ಕಡೆಗೆ. ಅದರ ಹಿಂದೆ ಕೆಲವು ಗಟ್ಟಿ ನಂಬಿಕೆಗಳಿವೆ. ಅವುಗಳಲ್ಲಿ ಹೆಚ್ಚಿನವು ಲೆಕ್ಕಕ್ಕೆ ನಿಲ್ಲುವುದಿಲ್ಲ.

ನಂಬಿಕೆ: ಕಡಿಮೆ ಜಾಗದಲ್ಲಿ ಹೆಚ್ಚು ಮೀನು ಬೆಳೆದರೆ ಲಾಭವೂ ಹೆಚ್ಚು

ಜಾಗಕ್ಕೆ ಎಷ್ಟು ಮೀನು ಎಂಬುದು ಇಳುವರಿಯ ಅಳತೆ. ಲಾಭವನ್ನು ಅಳೆಯಲು ಒಂದು ಕೆಜಿ ಮೀನಿಗೆ ಎಷ್ಟು ಖರ್ಚು ಬಿತ್ತು ಎಂದು ನೋಡಬೇಕು. ಇವೆರಡೂ ಎಷ್ಟೋ ಸಲ ಒಂದಕ್ಕೊಂದು ವಿರುದ್ಧವಾಗಿರುತ್ತವೆ.

2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಪ್ರತಿ ಪದ್ಧತಿಗೂ ಒಂದು ಘಟಕ ವೆಚ್ಚ ನಿಗದಿಪಡಿಸಿದೆ. ಹೋಲಿಕೆಗೆ ಅದು ಅನುಕೂಲ. ಒಂದು ಬೆಳೆಗೆ 40 ಟನ್ ಸಾಮರ್ಥ್ಯದ ಎಂಟು ಟ್ಯಾಂಕುಗಳ ಆರ್‌ಎಎಸ್‌ಗೆ 50 ಲಕ್ಷ ರೂಪಾಯಿ. ಒಂದು ಹೆಕ್ಟೇರ್ ಹೊಸ ಕೊಳಕ್ಕೆ 7 ಲಕ್ಷ. ಎರಡೂ ಹತ್ತು ವರ್ಷ ಬಾಳುತ್ತವೆ ಎಂದುಕೊಂಡರೆ ಆರ್‌ಎಎಸ್‌ನ ಸವಕಳಿ ವರ್ಷಕ್ಕೆ 5 ಲಕ್ಷ, ಕೊಳದ್ದು 70 ಸಾವಿರ. ಆರ್‌ಎಎಸ್‌ನಲ್ಲಿ ವರ್ಷಕ್ಕೆ 40 ಟನ್ ತೆಗೆದರೆ ಕೆಜಿಗೆ ಹನ್ನೆರಡೂವರೆ ರೂಪಾಯಿ ಬರೀ ಸವಕಳಿಗೆ ಹೋಗುತ್ತದೆ. ಹೆಕ್ಟೇರ್ ಕೊಳದಲ್ಲಿ 20 ಟನ್ ತೆಗೆದರೆ ಅದು ಮೂರೂವರೆ ರೂಪಾಯಿ.

ಇನ್ನು ವಿದ್ಯುತ್. ಪಂಪು, ಬ್ಲೋವರ್ ಸೇರಿ 10 ಎಚ್‌ಪಿಯಷ್ಟು ಮೋಟಾರು ಹಗಲು ರಾತ್ರಿ ಓಡಿದರೆ ದಿನಕ್ಕೆ ಸುಮಾರು 180 ಯೂನಿಟ್, ವರ್ಷಕ್ಕೆ 65 ಸಾವಿರ ಯೂನಿಟ್ ದಾಟುತ್ತದೆ. ಯೂನಿಟ್‌ಗೆ 7 ರೂಪಾಯಿ ಹಿಡಿದರೆ ನಾಲ್ಕೂವರೆ ಲಕ್ಷ. ಕೆಜಿಗೆ ಹನ್ನೊಂದು ರೂಪಾಯಿಗೂ ಮೇಲೆ. ಸವಕಳಿ ಮತ್ತು ವಿದ್ಯುತ್ ಕೂಡಿದರೆ ಹತ್ತಿರ ಹತ್ತಿರ 24 ರೂಪಾಯಿ. ಕೊಳದ ಬದಿಯಲ್ಲಿ ಮಾರುವ ದರ ಕೆಜಿಗೆ 90, ಮೇವಿನ ಖರ್ಚು 60 ಎಂದು ಇಟ್ಟುಕೊಂಡರೆ ಕೈಯಲ್ಲಿ ಉಳಿಯುವುದು 30. ಅದರಲ್ಲಿ 24 ಯಂತ್ರಕ್ಕೇ ಹೋದರೆ, ಮರಿ, ಕೂಲಿ, ಬಡ್ಡಿ, ಸತ್ತ ಮೀನಿನ ನಷ್ಟ ಎಲ್ಲವನ್ನೂ ಮಿಕ್ಕ 6 ರೂಪಾಯಿಯಲ್ಲಿ ತೂಗಿಸಬೇಕು. ವರ್ಷಕ್ಕೆ ಎರಡು ಬೆಳೆ ತೆಗೆದರೆ ಸವಕಳಿ ಅರ್ಧಕ್ಕೆ ಇಳಿಯುತ್ತದೆ ನಿಜ. ಆದರೆ ಪಂಗಾಸಿಯಸ್ ಕೆಜಿ ತೂಕಕ್ಕೆ ಬರಲು ಎಂಟು ತಿಂಗಳಾದರೂ ಬೇಕು. ಎರಡು ಬೆಳೆ ಬೇಕೆಂದರೆ ದೊಡ್ಡ ಮರಿಗಳನ್ನು ದುಬಾರಿ ಬೆಲೆಗೆ ಕೊಳ್ಳಬೇಕು, ಇಲ್ಲವೇ ಚಿಕ್ಕ ಮೀನನ್ನೇ ಕಡಿಮೆ ದರಕ್ಕೆ ಮಾರಬೇಕು.

ಈ ಮೀನಿನ ದೇಹರಚನೆಯಲ್ಲೇ ಇನ್ನೂ ಮೂಲಭೂತವಾದ ಕಾರಣವೊಂದಿದೆ. ಪಂಗಾಸಿಯಸ್ ಮೇಲೆ ಬಂದು ಗಾಳಿಯನ್ನು ನುಂಗಿ, ಗಾಳಿಚೀಲದ ಮೂಲಕವೂ ಉಸಿರಾಡಬಲ್ಲದು. ರೋಹು, ಕಟ್ಲಾಗಳು ಬಾಯ್ಬಿಡುವಂಥ ನೀರಿನಲ್ಲೂ ಅದು ಬದುಕುತ್ತದೆ. ದುಬಾರಿ ಟ್ಯಾಂಕು ವ್ಯವಸ್ಥೆಯ ಖರ್ಚಿನಲ್ಲಿ ಒಂದು ದೊಡ್ಡ ಪಾಲು ನೀರಿಗೆ ಆಮ್ಲಜನಕ ತುಂಬಲು ಆಗುವಂಥದ್ದು. ಆಮ್ಲಜನಕದ ಕೊರತೆಯನ್ನು ತಾನೇ ನಿಭಾಯಿಸಿಕೊಳ್ಳುವ ಮೀನಿಗೆ ಅಷ್ಟು ಹಣ ಸುರಿಯುವುದು ಅದರ ದೊಡ್ಡ ಗುಣವನ್ನೇ ವ್ಯರ್ಥ ಮಾಡಿದಂತೆ. ಅಮೆರಿಕದ ಮಿಸಿಸಿಪ್ಪಿ ರಾಜ್ಯದ ರೈತರು ಸಾಕುವ ಚಾನೆಲ್ ಕ್ಯಾಟ್‌ಫಿಶ್ ಕಿವಿರನ್ನೇ ನಂಬಿದ ಮೀನು. ಅಲ್ಲಿ ಕೊಳಕ್ಕೆ ಗಾಳಿಯಂತ್ರ ಹಾಕಿದರೆ ಹಾಕಿದ ಹಣ ಹಿಂದಿರುಗುತ್ತದೆ. ಅವರೂ ಕೊಳವನ್ನು ಸುಧಾರಿಸಿಕೊಂಡರೇ ಹೊರತು ಕೊಳ ಬಿಟ್ಟು ಶೆಡ್ಡಿಗೆ ಹೋಗಲಿಲ್ಲ. ಪಂಗಾಸಿಯಸ್ ಸಾಕಣೆಯಲ್ಲಿ ಜಗತ್ತಿಗೇ ಮುಂದಿರುವ ವಿಯೆಟ್ನಾಂನ ಮೆಕಾಂಗ್ ನದೀಮುಖಜ ಭೂಮಿಯಲ್ಲಿ ಒಂದು ಹೆಕ್ಟೇರಿಗೆ ಒಂದು ಬೆಳೆಯಲ್ಲಿ 300 ಟನ್ನಿನ ಆಸುಪಾಸು ತೆಗೆಯುತ್ತಾರೆ. ಅಲ್ಲಿರುವುದೂ ಮಣ್ಣಿನ ಕೊಳವೇ: ನಾಲ್ಕು ಮೀಟರ್ ಆಳ, ನದಿಯ ನೀರನ್ನು ಬದಲಿಸುತ್ತಿರುವ ಅನುಕೂಲ. ಮೊದಲು ಪಂಜರಗಳಲ್ಲಿ ಸಾಕುತ್ತಿದ್ದ ಆ ರೈತರು ಖರ್ಚು ಕಡಿಮೆಯೆಂದೇ ಕೊಳಕ್ಕೆ ಬಂದರು.

ನಂಬಿಕೆ: ಸಹಾಯಧನ ಸಿಕ್ಕರೆ ನಷ್ಟದ ಮಾತೇ ಇಲ್ಲ

ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಘಟಕ ವೆಚ್ಚದ 40 ಪ್ರತಿಶತ, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡಗಳಿಗೆ 60 ಪ್ರತಿಶತ ಸಹಾಯಧನವಿದೆ. ಇದು ಕಟ್ಟಡ, ಟ್ಯಾಂಕುಗಳ ಹೊರೆ ಇಳಿಸುತ್ತದೆ. ಪ್ರತಿ ತಿಂಗಳು ಬರುವ ಕರೆಂಟ್ ಬಿಲ್ಲನ್ನು ಇಳಿಸುವುದಿಲ್ಲ. ಮೇಲಿನ ಆರ್‌ಎಎಸ್‌ನಲ್ಲಿ 40 ಪ್ರತಿಶತ ಸಹಾಯಧನದಿಂದ ಉಳಿಯುವುದು ಕೆಜಿಗೆ 5 ರೂಪಾಯಿ. ಮೇವಿನ ಲೆಕ್ಕವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಒಂದು ಕೆಜಿ ಮೀನಿಗೆ ಒಂದೂವರೆ ಕೆಜಿ ತೇಲುವ ಆಹಾರ, ಕೆಜಿಗೆ 40 ರೂಪಾಯಿ ಎಂದರೆ 60 ರೂಪಾಯಿ. ಅಜಾಗರೂಕತೆಯಿಂದ ಅದು 1.8 ಕೆಜಿಗೆ ಏರಿದರೆ 72. ಸಹಾಯಧನದಿಂದ ಉಳಿದದ್ದರ ಎರಡರಷ್ಟಕ್ಕೂ ಹೆಚ್ಚು, ಮೇವು ಎರಚುವ ಕೈಯಿಂದಲೇ ಸೋರಿಹೋಯಿತು.

ಕೊಳದ ವಿಷಯದಲ್ಲೂ ಇದೇ ಮಾತು. 20 ಟನ್ ಮೀನಿಗೆ ಬೇಕಾದ ಮೇವಿನ ಬೆಲೆ 12 ಲಕ್ಷ, ಕೊಳ ತೋಡುವ 7 ಲಕ್ಷಕ್ಕಿಂತ ಬಹಳ ಹೆಚ್ಚು. ಕೊಳಕ್ಕೆ ಸಾಲ ಮಾಡಿ, ಮೇವಿಗೆ ದುಡ್ಡಿಲ್ಲದೆ ಅರೆಹೊಟ್ಟೆಯಲ್ಲಿ ಸಾಕಿದ ಮೀನು ಮಾರುಕಟ್ಟೆ ಬಯಸುವ ಗಾತ್ರಕ್ಕೆ ಬೆಳೆಯುವುದೇ ಇಲ್ಲ.

ನಂಬಿಕೆ: ಬಯೋಫ್ಲಾಕ್‌ನಲ್ಲಿ ಮೇವಿನ ಖರ್ಚು ಅರ್ಧವಾಗುತ್ತದೆ

ಬಯೋಫ್ಲಾಕ್‌ನಲ್ಲಿ ಬೆಲ್ಲ ಅಥವಾ ಕಾಕಂಬಿ ಹಾಕಿ ಬ್ಯಾಕ್ಟೀರಿಯಾ ಬೆಳೆಸುತ್ತಾರೆ. ಅವು ನೀರಿನ ಅಮೋನಿಯಾವನ್ನು ಹೀರಿ ಸಣ್ಣ ಮುದ್ದೆಗಳಾಗುತ್ತವೆ. ಬಾರ್ಡೋಲಿಯ ಸುತ್ತಮುತ್ತ ಸಹಕಾರಿ ಸಕ್ಕರೆ ಕಾರ್ಖಾನೆಗಳಿರುವ ಕಾರಣ ದಕ್ಷಿಣ ಗುಜರಾತಿನಲ್ಲಿ ಕಾಕಂಬಿಗೆ ಬರವಿಲ್ಲ. ಆದರೆ ಆ ಮುದ್ದೆಯನ್ನು ಚೆನ್ನಾಗಿ ತಿಂದು ಬೆಳೆಯುವುದು ಸೀಗಡಿ ಮತ್ತು ತಿಲಾಪಿಯಾ. ಕ್ಯಾಟ್‌ಫಿಶ್‌ಗೆ ಅದರಿಂದ ಸಿಗುವ ಪೋಷಣೆ ಕಡಿಮೆ. ತೇಲುವ ಆಹಾರ ಕೊಡಲೇಬೇಕು. ಇನ್ನು ಬಂಡವಾಳ: ನಾಲ್ಕು ಮೀಟರ್ ವ್ಯಾಸದ ಏಳು ಟ್ಯಾಂಕುಗಳಿಗೆ ನಿಗದಿತ ವೆಚ್ಚ 7.5 ಲಕ್ಷ. ಏಳೂ ಸೇರಿ ನೂರು ಘನ ಮೀಟರಿನಷ್ಟು ನೀರು ಹಿಡಿಯುತ್ತವೆ. ಘನ ಮೀಟರಿಗೆ 20 ಕೆಜಿ ಎಂದು ಉದಾರವಾಗಿ ಲೆಕ್ಕ ಹಾಕಿದರೂ ಒಂದು ಬೆಳೆಗೆ ಸುಮಾರು 2 ಟನ್. ವರ್ಷಕ್ಕೆ ಒಂದೇ ಬೆಳೆಯಾದರೆ ಸವಕಳಿ ಕೆಜಿಗೆ ಸುಮಾರು 38 ರೂಪಾಯಿ, ಎರಡಾದರೂ 19. ಅಗ್ಗದ ಮೀನಿಗೆ ಇದು ಹೊಂದುವ ಲೆಕ್ಕವಲ್ಲ.

ನಂಬಿಕೆ: ಜಲಾಶಯದ ನೀರು ಪುಕ್ಕಟೆ, ಆದ್ದರಿಂದ ಪಂಜರವೇ ಅಗ್ಗ

ತಾಪಿ ನದಿಗೆ 1972ರಲ್ಲಿ ಪೂರ್ಣಗೊಂಡ ಉಕಾಯಿ ಅಣೆಕಟ್ಟಿನ ಹಿಂದಿನ ಜಲಾಶಯಕ್ಕೆ ವಲ್ಲಭ ಸಾಗರ ಎಂದು ಹೆಸರು. ತುಂಬಿದಾಗ ಅದರ ಹರವು ಸುಮಾರು 60 ಸಾವಿರ ಹೆಕ್ಟೇರ್. 2007ರಲ್ಲಿ ಸೂರತ್‌ನಿಂದ ಬೇರ್ಪಟ್ಟ ತಾಪಿ ಜಿಲ್ಲೆಯ ಆದಿವಾಸಿ ಮೀನುಗಾರರ ಸಹಕಾರ ಸಂಘಗಳು ಇಲ್ಲಿ ಪಂಜರಗಳಲ್ಲಿ ಪಂಗಾಸಿಯಸ್ ಬೆಳೆಸಿವೆ. ಒಂದು ಪಂಜರಕ್ಕೆ ನಿಗದಿತ ವೆಚ್ಚ 3 ಲಕ್ಷ. ವರ್ಷಕ್ಕೆ 3 ಟನ್ ಬಂದರೆ ಸವಕಳಿ ಕೆಜಿಗೆ 10 ರೂಪಾಯಿ. ಪರಿಶಿಷ್ಟ ಪಂಗಡಕ್ಕೆ ಸಿಗುವ 60 ಪ್ರತಿಶತ ಸಹಾಯಧನ ಕಳೆದರೆ 4 ರೂಪಾಯಿ; ಸಹಾಯಧನವಿಲ್ಲದ ಕೊಳಕ್ಕೆ ಹೆಚ್ಚು ಕಡಿಮೆ ಸಮಾನ. ನೆಲವಿಲ್ಲದ ಕುಟುಂಬಕ್ಕೆ ಇದು ನಿಜಕ್ಕೂ ದೊಡ್ಡ ಅವಕಾಶ.

ಹಾಗೆಂದು ಉಳಿದ ಖರ್ಚುಗಳು ಎಲ್ಲೂ ಹೋಗುವುದಿಲ್ಲ. ಪಂಜರದ ಮೀನಿಗೆ ಕೊಳದಲ್ಲಿ ಸಿಗುವ ಸಹಜ ಆಹಾರ ಸಿಗದು. ತಿನ್ನದೆ ಉಳಿದ ಮೇವು ಬಲೆಯಿಂದಾಚೆ ತೇಲಿಹೋಗುತ್ತದೆ. ಪಾಚಿ ಕಟ್ಟಿದ ಬಲೆಯನ್ನು ಆಗಾಗ ತೊಳೆಯಬೇಕು, ಹರಿದರೆ ಹೊಲಿಯಬೇಕು. ಮೇವು ಹೋಗುವುದೂ ಮೀನು ಬರುವುದೂ ದೋಣಿಯಲ್ಲಿ. ಕಾವಲಿಗೆ ರಾತ್ರಿಯೂ ಒಬ್ಬರು ಇರಬೇಕು. ನೀರಾವರಿಗೆ, ಕುಡಿಯಲಿಕ್ಕೆ ನೀರು ಬಿಡುತ್ತಾ ಬೇಸಿಗೆಯಲ್ಲಿ ಜಲಾಶಯ ಇಳಿದಾಗ ಪಂಜರಗಳನ್ನು ಆಳದ ಕಡೆಗೆ ಎಳೆಯಬೇಕಾಗುತ್ತದೆ.

ನಂಬಿಕೆ: ಒಂದು ಊರಿನಲ್ಲಿ ಗೆದ್ದ ಪದ್ಧತಿ ಎಲ್ಲೆಡೆ ಗೆಲ್ಲುತ್ತದೆ

ಸೂರತ್ ಸುತ್ತಲಿನದು ನೀರು ಹಿಡಿಯುವ ಕಪ್ಪು ಜೇಡಿ. ವಡೋದರಾದ ದಕ್ಷಿಣಕ್ಕಿರುವ ಕಾನಮ್ ಸೀಮೆಯದೂ ಕಪ್ಪು ಮಣ್ಣೇ. ಅಹಮದಾಬಾದಿನ ಸುತ್ತ 'ಗೋರಾಡು' ಎಂದು ಕರೆಯುವ ಮರಳುಮಿಶ್ರಿತ ಮಣ್ಣು ಹೆಚ್ಚು. ಅದರಲ್ಲಿ ತೋಡಿದ ಕೊಳದ ನೀರು ತಳಕ್ಕೆ ಇಂಗುತ್ತದೆ. ಪ್ಲಾಸ್ಟಿಕ್ ಹಾಳೆ ಹಾಸಿದರೆ 7 ಲಕ್ಷದ ಲೆಕ್ಕ ಅಲ್ಲಿಗೇ ಕೆಡುತ್ತದೆ. ಬಿಸಿಲಿಗೆ ಆವಿಯಾಗುವ ನೀರು ವರ್ಷಕ್ಕೆ ಸುಮಾರು ಎರಡು ಮೀಟರ್. ಬೀಳುವ ಮಳೆ 800 ಮಿಲಿಮೀಟರಿನ ಆಸುಪಾಸು. ಕೊರತೆಯನ್ನು ಕೊಳವೆ ಬಾವಿಯೋ ಕಾಲುವೆಯೋ ತುಂಬಬೇಕು, ಅದಕ್ಕೂ ಹಣ ಬೇಕು.

ಚಳಿಯದು ಇನ್ನೊಂದು ತೊಡಕು. ಪಂಗಾಸಿಯಸ್‌ಗೆ ಹಿತವಾದ ನೀರು 26ರಿಂದ 30 ಡಿಗ್ರಿ. ನೀರು 20ಕ್ಕಿಂತ ಕೆಳಗಿಳಿದರೆ ಮೇವು ಬಿಡುತ್ತಾ ಬರುತ್ತದೆ, 15ರ ಹತ್ತಿರ ಸಾಯತೊಡಗುತ್ತದೆ. ಜನವರಿಯಲ್ಲಿ ಅಹಮದಾಬಾದಿನ ಸರಾಸರಿ ಕನಿಷ್ಠ ಉಷ್ಣಾಂಶ 12 ಡಿಗ್ರಿಯಷ್ಟು, ಸೂರತ್‌ನಲ್ಲಿ ಅದಕ್ಕಿಂತ ಮೂರು ಡಿಗ್ರಿಯಾದರೂ ಹೆಚ್ಚು. ಅಹಮದಾಬಾದಿನ ರೈತ ಮಾರ್ಚ್ ತಿಂಗಳಲ್ಲಿ ಮರಿ ಬಿಟ್ಟು ನವೆಂಬರ್ ಮುಗಿಯುವುದರೊಳಗೆ ಹಿಡಿಯಬೇಕು. ಆ ಅವಧಿಯಲ್ಲಿ ಕೆಜಿ ಮುಟ್ಟಬೇಕಾದರೆ ಬಿಡುವ ಮರಿಯೇ ನೂರು ಗ್ರಾಂ ಇರಬೇಕು. ಒಳಾಂಗಣ ಟ್ಯಾಂಕಿಗೆ ಅರ್ಥ ಬರುವುದು ಇಲ್ಲಿ: ಚಳಿಗಾಲವಿಡೀ ಮರಿಗಳನ್ನು ಬೆಚ್ಚಗೆ ಕಾಪಾಡಿ ಬಲಿಸಿದರೆ, ಅದೇ ಮರಿಗೆ ಬೇಸಿಗೆಯ ಆರಂಭದಲ್ಲಿ ಒಳ್ಳೆಯ ದರವಿದೆ. ಟ್ಯಾಂಕಿನಲ್ಲಿ ಮರಿ, ಕೊಳದಲ್ಲಿ ಮೀನು ಎಂಬ ಹಂಚಿಕೆ ಎರಡರಲ್ಲೊಂದನ್ನೇ ಹಿಡಿದು ಕೂರುವುದಕ್ಕಿಂತ ಮೇಲು.

ನಂಬಿಕೆ: ಗುಜರಾತಿನಲ್ಲಿ ಮೀನು ತಿನ್ನುವವರೆಲ್ಲಿ?

2014ರ ಮಾದರಿ ನೋಂದಣಿ ಸಮೀಕ್ಷೆಯಂತೆ ರಾಜ್ಯದ ಸುಮಾರು 61 ಪ್ರತಿಶತ ಜನ ಸಸ್ಯಾಹಾರಿಗಳು. ಉಳಿದ 39 ಪ್ರತಿಶತವೇ ಕೋಟಿಗಳ ಲೆಕ್ಕದಲ್ಲಿದೆ. ಸೂರತ್‌ನ ವಿದ್ಯುತ್ ಮಗ್ಗಗಳಲ್ಲಿ ದುಡಿಯುವ ಒಡಿಶಾದ ಗಂಜಾಂ ಜಿಲ್ಲೆಯ ಕಾರ್ಮಿಕರು, ಬಿಹಾರ, ಬಂಗಾಳದಿಂದ ಬಂದವರು ಸಿಹಿನೀರಿನ ಮೀನಿನ ಕಾಯಂ ಗಿರಾಕಿಗಳು. ಗಿರಾಕಿಗಳಿದ್ದಾರೆ, ಕಷ್ಟವಿರುವುದು ದರದಲ್ಲಿ. ಆಂಧ್ರದ ಕೊಳಗಳಿಂದ ಮಂಜುಗಡ್ಡೆಯಲ್ಲಿ ದೇಶದ ನಗರಗಳಿಗೆ ಹೋಗುವ ಪಂಗಾಸಿಯಸ್‌ನ ದರವೇ ಸ್ಥಳೀಯ ದರಕ್ಕೂ ಮಿತಿ ಹಾಕುತ್ತದೆ. ಬಾಸಾ ಫಿಲೆಯ ಬೆಲೆ ನೋಡಿ ಆಸೆಪಡುವುದೂ ಸಲ್ಲದು. ಮುಳ್ಳು, ಚರ್ಮ, ತಲೆ ತೆಗೆದರೆ ಮೀನಿನ ತೂಕದ 35ರಿಂದ 40 ಪ್ರತಿಶತ ಮಾತ್ರ ಉಳಿಯುತ್ತದೆ. ಒಂದು ಕೆಜಿ ಫಿಲೆಗೆ ಎರಡೂವರೆ ಕೆಜಿಗೂ ಹೆಚ್ಚು ಮೀನು ಬೇಕು; ಶೀತಲೀಕರಣದ ಖರ್ಚು ಬೇರೆ.

ನಂಬಿಕೆ: 'ಥಾಯ್ ಮಾಗುರ್' ಸಾಕಿದರೆ ಖರ್ಚೇ ಇಲ್ಲ

ಥಾಯ್ ಮಾಗುರ್ ಎಂದು ಮಾರಾಟವಾಗುವುದು ಆಫ್ರಿಕನ್ ಕ್ಯಾಟ್‌ಫಿಶ್. ಕೋಳಿ ಅಂಗಡಿಯ ತ್ಯಾಜ್ಯ ತಿಂದು ಐದಾರು ತಿಂಗಳಲ್ಲಿ ಕೆಜಿ ತೂಗುತ್ತದೆ. ಹೊಳೆ, ಕೆರೆಗೆ ತಪ್ಪಿಸಿಕೊಂಡರೆ ಅಲ್ಲಿನ ಮೀನುಗಳನ್ನೇ ತಿಂದು ಮುಗಿಸುತ್ತದೆ. ಕೇಂದ್ರ ಸರ್ಕಾರ ಇದರ ಸಾಕಣೆಯನ್ನು 2000ದಲ್ಲೇ ನಿಷೇಧಿಸಿದೆ. ಇರುವ ದಾಸ್ತಾನನ್ನು ನಾಶಪಡಿಸಲು ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯೂ ಹೇಳಿದೆ. ಬೆಂಗಳೂರಿನ ಆಚೀಚೆ ಕದ್ದುಮುಚ್ಚಿ ಸಾಕಿದವರ ಕೊಳಗಳ ಮೇಲೂ ದಾಳಿಗಳಾಗಿವೆ. ಒಂದು ದಾಳಿಯಲ್ಲಿ ಇಡೀ ಬೆಳೆ ಮಣ್ಣುಪಾಲಾಗುವ ಉದ್ಯಮವನ್ನು ಅಗ್ಗವೆನ್ನಲಾಗದು.

ಕಾನೂನಿನೊಳಗೇ ಸಿಗುವ ದೇಶಿ ಮಾಗುರ್ ಬೇರೆ ಮೀನು. ಬಿಹಾರ ಅದನ್ನು ರಾಜ್ಯ ಮೀನೆಂದು ಘೋಷಿಸಿಕೊಂಡಿದೆ. ವರ್ಷವಾದರೂ ನೂರು, ನೂರೈವತ್ತು ಗ್ರಾಂ ದಾಟುವುದು ಕಷ್ಟ. ಕೃತಕ ಸಂತಾನೋತ್ಪತ್ತಿಗೆ ಗಂಡು ಮೀನನ್ನು ಕೊಲ್ಲಲೇಬೇಕಾದ ಕಾರಣ ಮರಿಯೂ ದುಬಾರಿ. ಆದರೂ ಜೀವಂತವಾಗಿ ಮಾರಿದರೆ ಪಂಗಾಸಿಯಸ್‌ನ ಕೆಲವು ಪಟ್ಟು ದರ ಸಿಗುತ್ತದೆ. ಅಹಮದಾಬಾದ್, ಸೂರತ್‌ನಂಥ ನಗರದ ಅಂಚಿನಲ್ಲಿ, ದಿನಕ್ಕಿಷ್ಟು ಎಂದು ಜೀವಂತ ಮೀನು ಕೊಳ್ಳುವ ಗಿರಾಕಿ ಮೊದಲೇ ಗೊತ್ತಿದ್ದರೆ, ಟ್ಯಾಂಕಿನ ಖರ್ಚನ್ನು ಹೊರಬಲ್ಲ ಕ್ಯಾಟ್‌ಫಿಶ್ ಇದು. ಪಂಗಾಸಿಯಸ್‌ಗೆ ಕೊಳವೇ ಸರಿ.