ಗಣಕಯಂತ್ರದ ಕೆಲಸ: ಬೆಲ್ಲವೂ ಬೇವೂ

ಮಕ್ಕಳೇ, "ದೊಡ್ಡವರಾದ ಮೇಲೆ ಏನಾಗುವಿರಿ?" ಎಂದು ಕೇಳಿದರೆ ನಿಮ್ಮಲ್ಲಿ ಕೆಲವರು "ಪುಣೆಗೆ ಹೋಗಿ ಗಣಕಯಂತ್ರದ ಕಂಪನಿಯಲ್ಲಿ ಕೆಲಸ ಮಾಡುತ್ತೇವೆ" ಎನ್ನುವಿರಿ. ಅದು ನೆರಳಿನಲ್ಲಿ ಕುಳಿತು ಮಾಡುವ ಸುಖದ ಕೆಲಸ ಎಂದು ಕೆಲವರು ಹೇಳುತ್ತಾರೆ. ಹಗಲು ರಾತ್ರಿ ತಿಳಿಯದ ಕಷ್ಟದ ಕೆಲಸ ಎಂದು ಇನ್ನು ಕೆಲವರು ಹೇಳುತ್ತಾರೆ. ಯಾವುದು ನಿಜ? ತಿಳಿದುಕೊಳ್ಳೋಣ ಬನ್ನಿರಿ.

ಗಣಕಯಂತ್ರವು ಮನುಷ್ಯರು ಬರೆದುಕೊಟ್ಟ ಸೂಚನೆಗಳಿಂದ ಕೆಲಸ ಮಾಡುತ್ತದೆ. ಈ ಸೂಚನೆಗಳಿಗೆ ತಂತ್ರಾಂಶ ಅಥವಾ ಸಾಫ್ಟ್‌ವೇರ್ ಎನ್ನುತ್ತಾರೆ. ಒಂದು ಉದಾಹರಣೆ ನೋಡಿರಿ. 2002ರಿಂದ ರೈಲಿನ ಟಿಕೆಟನ್ನು ಅಂತರ್ಜಾಲದ ಮೂಲಕವೂ ಕೊಳ್ಳಬಹುದಾಗಿದೆ. ಸೊಲ್ಲಾಪುರದವರೊಬ್ಬರು, ಮುಂಬಯಿಯವರೊಬ್ಬರು ಒಂದೇ ಕ್ಷಣದಲ್ಲಿ ಒಂದೇ ಆಸನ ಕೇಳಿದರೆ ಯಾರಿಗೆ ಕೊಡಬೇಕು? ಹಣ ಕೊಟ್ಟರೂ ಟಿಕೆಟು ಬಾರದಿದ್ದರೆ ಏನು ಮಾಡಬೇಕು? ಇಂಥ ಪ್ರಶ್ನೆಗಳನ್ನು ಮೊದಲೇ ಯೋಚಿಸಿ, ಒಂದೊಂದಕ್ಕೂ ಸೂಚನೆ ಬರೆಯಬೇಕು. ಒಬ್ಬರು ಬರೆಯುತ್ತಾರೆ. ಇನ್ನೊಬ್ಬರು ಅದರಲ್ಲಿಯ ತಪ್ಪು ಹುಡುಕುತ್ತಾರೆ. ಮತ್ತೊಬ್ಬರು ತೊಂದರೆಯಾದ ಗ್ರಾಹಕರಿಗೆ ಫೋನಿನಲ್ಲಿ ಉತ್ತರ ಹೇಳುತ್ತಾರೆ. ಹೀಗೆ ಅನೇಕರು ಕೂಡಿ ದುಡಿಯುವ ಸ್ಥಳವೇ ಇಂಥ ಕಂಪನಿ.

ನಮ್ಮ ಮಹಾರಾಷ್ಟ್ರಕ್ಕೂ ಈ ಉದ್ಯಮಕ್ಕೂ ಹಳೆಯ ನಂಟಿದೆ. ಟಿ.ಸಿ.ಎಸ್. ಕಂಪನಿಯು 1968ರಲ್ಲಿ ಮುಂಬಯಿಯಲ್ಲಿ ಆರಂಭವಾಯಿತು. ಕನ್ನಡಿಗರಾದ ಎನ್. ಆರ್. ನಾರಾಯಣ ಮೂರ್ತಿಯವರು ಆರು ಜನ ಸಂಗಡಿಗರೊಡನೆ 1981ರಲ್ಲಿ ಪುಣೆಯಲ್ಲಿ ಇನ್ಫೋಸಿಸ್ ಕಂಪನಿಯನ್ನು ಆರಂಭಿಸಿದರು. ಅದರ ಮೊದಲ ಬಂಡವಾಳವಾದ 10,000 ರೂಪಾಯಿಗಳನ್ನು ಅವರ ಪತ್ನಿ ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ಕೊಟ್ಟರು. 1983ರಲ್ಲಿ ಆ ಕಂಪನಿಯು ಬೆಂಗಳೂರಿಗೆ ಹೋಯಿತು. ಇಂದು ಪುಣೆಯ ಬಳಿಯ ಹಿಂಜವಡಿಯಲ್ಲಿ ಇಂಥ ಅನೇಕ ಕಂಪನಿಗಳಿವೆ.

ಮೊದಲು ಬೆಲ್ಲದ ಮಾತು. ಮಳೆ ಬರಲಿ, ಬಾರದಿರಲಿ, ಈ ಕೆಲಸದಲ್ಲಿ ತಿಂಗಳಿಗೊಮ್ಮೆ ಸಂಬಳ ಬರುತ್ತದೆ. ಮಳೆಯನ್ನೇ ನಂಬಿದ ಜತ್ತ ಭಾಗದ ರೈತರ ಮನೆಗೆ ಇದು ದೊಡ್ಡ ಆಧಾರ. ತಂಗಿಯ ಓದು, ಅಜ್ಜಿಯ ಔಷಧ, ಹೊಲದ ಸಾಲ ಎಲ್ಲಕ್ಕೂ ಆ ಹಣ ಒದಗುತ್ತದೆ. ಇಲ್ಲಿ ತೋಳಿನ ಬಲಕ್ಕಿಂತ ಬುದ್ಧಿಯ ಬಲ ಮುಖ್ಯ. ಹುಡುಗಿಯರೂ ಹುಡುಗರೂ ಒಂದೇ ಕೆಲಸ ಮಾಡುತ್ತಾರೆ. ಬೇರೆ ಬೇರೆ ರಾಜ್ಯಗಳ ಗೆಳೆಯರು ದೊರೆಯುತ್ತಾರೆ. ದಿನವೂ ಹೊಸದೊಂದನ್ನು ಕಲಿಯುವ ಅವಕಾಶವಿರುತ್ತದೆ. 2020ರಲ್ಲಿ ಕೊರೋನಾ ರೋಗ ಹರಡಿದಾಗ ಅನೇಕರು ತಮ್ಮ ಊರಿನ ಮನೆಯಲ್ಲಿಯೇ ಕುಳಿತು ಈ ಕೆಲಸ ಮಾಡಿದರು.

ಇನ್ನು ಬೇವು. ನ್ಯೂಯಾರ್ಕ್ ನಗರದಲ್ಲಿ ಬೆಳಗಿನ 9 ಗಂಟೆಯಾದಾಗ ನಮ್ಮಲ್ಲಿ ಸಂಜೆ ಆರೂವರೆ; ಅಲ್ಲಿಯ ಚಳಿಗಾಲದಲ್ಲಿ ಏಳೂವರೆ. ಅಮೆರಿಕದ ಗ್ರಾಹಕರು ಕೆಲಸ ಆರಂಭಿಸುವಾಗ ನಾವು ಊಟಕ್ಕೆ ಕೂಡುವ ಹೊತ್ತಾಗುತ್ತದೆ! ಅವರೊಡನೆ ಮಾತಾಡಬೇಕಾದವರು ರಾತ್ರಿ ಎಚ್ಚರವಿರಬೇಕಾಗುತ್ತದೆ. ದಿನವಿಡೀ ಕುಳಿತಿದ್ದರೆ ಬೆನ್ನು, ಕುತ್ತಿಗೆ ನೋಯುತ್ತವೆ. ಪರದೆಯನ್ನು ನೋಡುವಾಗ ನಾವು ಕಣ್ಣು ಮಿಟುಕಿಸುವುದು ಕಡಿಮೆಯಾಗುತ್ತದೆ; ಆದ್ದರಿಂದ ಕಣ್ಣು ಒಣಗಿ ಉರಿಯುತ್ತವೆ. ಕೆಲಸ ಸ್ಥಿರವೆಂದೂ ಹೇಳಲಾಗದು. 2023ರ ಜನವರಿಯಲ್ಲಿ ಗೂಗಲ್ ಕಂಪನಿಯು ಜಗತ್ತಿನಾದ್ಯಂತ ಸುಮಾರು 12,000 ಜನರನ್ನು ಕೆಲಸದಿಂದ ತೆಗೆಯುವುದಾಗಿ ಪ್ರಕಟಿಸಿತು. ಕಲಿತ ವಿದ್ಯೆ ಬೇಗ ಹಳೆಯದಾಗುತ್ತದೆ. ಹೊಸದನ್ನು ಕಲಿಯದವರು ಹಿಂದೆ ಬೀಳುತ್ತಾರೆ. ಇದಲ್ಲದೆ, ಸೊಲ್ಲಾಪುರದಿಂದ ಪುಣೆ ಸುಮಾರು 250 ಕಿಲೋಮೀಟರ್ ದೂರ. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ ಕೂಡಲೇ ಓಡಿ ಬರಲಾಗದು.

ಹೊಲದಲ್ಲಿ ದುಡಿದವರ ಬೆವರು ನಮಗೆ ಕಾಣುತ್ತದೆ. ಸೊಲ್ಲಾಪುರದ ನೇಕಾರರು ನೇಯ್ದ ಚಾದರವನ್ನು ಮುಟ್ಟಿ ನೋಡಬಹುದು. ಆದರೆ ಗಣಕಯಂತ್ರದ ಮುಂದೆ ಕುಳಿತವರ ದಣಿವು ಹೊರಗೆ ಕಾಣುವುದಿಲ್ಲ. ಕಾಣದಿದ್ದರೂ ಅದು ದಣಿವೇ. ಆದ್ದರಿಂದ ಅವರು ಆಗಾಗ ಎದ್ದು ನಡೆದಾಡಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಪರದೆಯಿಂದ ಕಣ್ಣು ತೆಗೆದು, ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಬೇಕು. ಮೊಬೈಲು ನೋಡುವ ನಿಮಗೂ ಈ ಮಾತು ಅನ್ವಯಿಸುತ್ತದೆ!

ಹಾಗಾದರೆ ಈ ಕೆಲಸ ಬೇಕೋ ಬೇಡವೋ? ಅದನ್ನು ಮುಂದೆ ನೀವೇ ನಿರ್ಧರಿಸಬೇಕು. ಯುಗಾದಿಯ ದಿನ ಬೇವು ಬೆಲ್ಲ ಎರಡನ್ನೂ ಕೂಡಿಸಿ ತಿನ್ನುತ್ತೇವಲ್ಲವೇ? ಪ್ರತಿಯೊಂದು ಉದ್ಯೋಗವೂ ಹಾಗೆಯೇ. ಕನ್ನಡ ಶಾಲೆಯಲ್ಲಿ ಕಲಿತವರಿಗೂ ಈ ದಾರಿ ತೆರೆದಿದೆ. ಗಣಿತವನ್ನು ಅರ್ಥಮಾಡಿಕೊಂಡು ಕಲಿಯಿರಿ. ಹೇಳಬೇಕಾದುದನ್ನು ಸ್ಪಷ್ಟವಾಗಿ ಬರೆಯಲು ಕಲಿಯಿರಿ. ಇಂಗ್ಲಿಷನ್ನೂ ಹೆದರದೆ ಕಲಿಯಿರಿ. ಇಂಥ ಕೆಲಸದಲ್ಲಿರುವ ಅಕ್ಕನೋ ಅಣ್ಣನೋ ಭೇಟಿಯಾದಾಗ "ಸಂಬಳ ಎಷ್ಟು?" ಎಂದು ಮಾತ್ರ ಕೇಳಬೇಡಿರಿ. "ಅಕ್ಕಾ, ನಿದ್ದೆ ಚೆನ್ನಾಗಿ ಆಗುತ್ತದೆಯೇ?" ಎಂದೂ ಕೇಳಿರಿ.

ಹೊಸ ಶಬ್ದಗಳು
ನಂಟು – ಸಂಬಂಧ
ಬಂಡವಾಳ – ಉದ್ಯಮಕ್ಕೆ ಹಾಕುವ ಹಣ
ಗ್ರಾಹಕ – ಕೊಳ್ಳುವವನು
ದಣಿವು – ಆಯಾಸ

ಅಭ್ಯಾಸ
ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ತಂತ್ರಾಂಶ ಎಂದರೇನು?
2. ಇನ್ಫೋಸಿಸ್ ಕಂಪನಿಯು ಯಾವ ಊರಿನಲ್ಲಿ ಆರಂಭವಾಯಿತು?
ಆ) ಎರಡು–ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ಕೆಲವರು ರಾತ್ರಿ ಏಕೆ ಕೆಲಸ ಮಾಡಬೇಕಾಗುತ್ತದೆ?
2. "ಕಾಣದಿದ್ದರೂ ಅದು ದಣಿವೇ." ಈ ಮಾತಿನ ಅರ್ಥವೇನು?
ಉಪಕ್ರಮ: ನಿಮ್ಮ ಮನೆಯ ಹಿರಿಯರೊಬ್ಬರ ಉದ್ಯೋಗದಲ್ಲಿಯ ಬೆಲ್ಲ ಯಾವುದು, ಬೇವು ಯಾವುದು ಎಂದು ಕೇಳಿ ಬರೆಯಿರಿ.