ಬಿದ್ದ ದೇವಾಲಯ ಕಲಿಸುವ ಪಾಠ



ನವೆಂಬರ್ 9ರಂದು ನಾವು ರೋಮಿನ ಲಾತೆರಾನ್ ಮಹಾದೇವಾಲಯದ ಪ್ರತಿಷ್ಠಾಪನೆಯ ಹಬ್ಬವನ್ನು ಆಚರಿಸುತ್ತೇವೆ. ಕಣ್ಣಾರೆ ಕಾಣದ ಕಟ್ಟಡಕ್ಕೆ ನಮ್ಮಲ್ಲೇಕೆ ಹಬ್ಬ? ಪಾಳುಬಿದ್ದ ದೇವಾಲಯಗಳು ಇದಕ್ಕೆ ಉತ್ತರ ಕೊಡುತ್ತವೆ.

ಡಂಬಳದ ನಮಗೆ ಹಳೆಯ ಕಲ್ಲುಗಳು ಹೊಸತಲ್ಲ. ದೊಡ್ಡಬಸಪ್ಪನ ಗುಡಿ 12ನೆಯ ಶತಮಾನದಿಂದ ನಿಂತಿದೆ. 1095ರ ಶಾಸನ ಹೇಳುವ ಬೌದ್ಧ ವಿಹಾರದ ವೈಭವವಾದರೋ ಉಳಿದಿಲ್ಲ. ಕಟ್ಟಿಸಿದ ಸೆಟ್ಟಿಗಳ ಭಕ್ತಿ ಶಾಸನದಲ್ಲಿ ಉಳಿದಿದೆ.

ಹಾಸನ ಜಿಲ್ಲೆಯ ಶೆಟ್ಟಿಹಳ್ಳಿಯಲ್ಲಿ 19ನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಜಪಮಾಲೆ ಮಾತೆಯ ದೇವಾಲಯವನ್ನು ಗಾಥಿಕ್ ಶೈಲಿಯಲ್ಲಿ ಕಟ್ಟಿದರು. 1970ರ ದಶಕದಲ್ಲಿ ಗೊರೂರಿನ ಬಳಿ ಹೇಮಾವತಿಗೆ ಅಣೆಕಟ್ಟು ಎದ್ದಿತು. ಹಿನ್ನೀರು ಬಂದಿತು, ಜನ ಊರು ಬಿಟ್ಟರು. ಮಳೆಗಾಲದಲ್ಲಿ ಜಲಾಶಯ ತುಂಬಿದರೆ ಗೋಡೆಗಳು ನೀರಿನಲ್ಲಿ ಮುಳುಗುತ್ತವೆ. ಬೇಸಿಗೆಯಲ್ಲಿ ಒಳಗೇ ನಡೆದು ಹೋಗಬಹುದು. ಛಾವಣಿಯಿಲ್ಲ, ಬಲಿಪೀಠವಿಲ್ಲ.

ಇದು ಈಗಲೂ ದೇವಾಲಯವೇ? ಬಹುಪಾಲು ನಾಶವಾದ ಪವಿತ್ರ ಸ್ಥಳ ತನ್ನ ಪ್ರತಿಷ್ಠೆಯನ್ನು ಕಳೆದುಕೊಳ್ಳುತ್ತದೆ ಎನ್ನುತ್ತದೆ ಧರ್ಮಸಭೆಯ ಕಾನೂನಿನ 1212ನೆಯ ವಿಧಿ. ಆದರೆ ಅಲ್ಲಿ ದೀಕ್ಷಾಸ್ನಾನ ಪಡೆದವರ ದೀಕ್ಷಾಸ್ನಾನ ನೀರಿನಲ್ಲಿ ಮುಳುಗಲಿಲ್ಲ. ಗಂಟುಮೂಟೆ ಕಟ್ಟಿ ಹೊರಟವರೊಡನೆ ಧರ್ಮಸಭೆಯೂ ಹೊರಟಿತು. ವಿಶ್ವಾಸಿಗಳನ್ನು ಪ್ರೇಷಿತ ಪೇತ್ರರು ಜೀವಂತ ಕಲ್ಲುಗಳೆಂದು ಕರೆದದ್ದು ಇದಕ್ಕೇ.

ಯೂರೋಪಿಗೆ ಹೋದವರು ಲಿಸ್ಬನ್ ನಗರದ ಕಾರ್ಮೊ ದೇವಾಲಯವನ್ನು ನೋಡಬಹುದು. 1755ರ ನವೆಂಬರ್ 1, ಸಕಲ ಸಂತರ ಹಬ್ಬದ ಬೆಳಿಗ್ಗೆ, ನಗರದ ದೇವಾಲಯಗಳಲ್ಲಿ ಜನ ಕೂಡಿದ್ದಾಗಲೇ ಭೂಕಂಪವಾಯಿತು. ಅಂದು ಕುಸಿದ ಕಾರ್ಮೊದ ನಡುಮಂಟಪಕ್ಕೆ ಮತ್ತೆ ಛಾವಣಿ ಹಾಕಲಿಲ್ಲ. ಇಂದು ಅಲ್ಲಿ ವಸ್ತುಸಂಗ್ರಹಾಲಯವಿದೆ. ಅದನ್ನು ಕಟ್ಟಿಸಿದ ನೂನೊ ಆಲ್ವಾರೆಸ್ ಪೆರೇರಾರನ್ನು 2009ರಲ್ಲಿ ಸಂತರೆಂದು ಘೋಷಿಸಲಾಯಿತು. ಕಟ್ಟಡ ಬಿದ್ದರೂ ಕಟ್ಟಿಸಿದವರ ಪವಿತ್ರತೆ ಬೀಳಲಿಲ್ಲ.

ಆದ್ದರಿಂದ ಶೆಟ್ಟಿಹಳ್ಳಿಗೆ ಹೋದಾಗ ಗೋಡೆ ಹತ್ತಬೇಡಿ, ಹೆಸರು ಕೆತ್ತಬೇಡಿ. ಫೋಟೋ ತೆಗೆಯುವ ಮುನ್ನ, ಊರು ಬಿಟ್ಟ ಕುಟುಂಬಗಳಿಗಾಗಿ ಒಂದು ಜಪ ಹೇಳಿ. ಅವರು ತೊರೆದ ಮನೆ-ಹೊಲಗಳ ಮೇಲೆ ನಿಂತ ನೀರೇ ಇಂದು ಬೇರೆಯವರ ಗದ್ದೆಗೆ ಹರಿಯುತ್ತಿದೆ. ನಮ್ಮ ಊರಿನಲ್ಲೂ ನೆಲೆ ಕಳೆದುಕೊಂಡು ಬಂದವರಿರಬಹುದು. ಈ ಹಬ್ಬದಂದು ಅವರನ್ನು ಹೆಸರು ಹಿಡಿದು ಕರೆದು, ನಮ್ಮ ಪಕ್ಕದಲ್ಲಿ ಕೂರಿಸಿಕೊಳ್ಳೋಣ.