ಚೀನಾದ ಖಾತೆ ತಕರಾರು: ಮಂಗಳೂರಿನ ರಾಯರ ವಾದ

ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಬಾಯಿ ಜೋರು ಮಾಡುವ ದಳ್ಳಾಳಿಗೆ ವ್ಯಾಪಾರ ಕುದುರುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು, ಮಾರುವವನ ಮಾನವನ್ನೂ ಕೊಳ್ಳುವವನ ಮಾನವನ್ನೂ ಉಳಿಸುವವನಿಗೇ ದುಡ್ಡು. ದೇಶದೇಶಗಳ ನಡುವಿನ ರಾಜತಂತ್ರವೂ ಹೆಚ್ಚುಕಮ್ಮಿ ಇದೇ ಕಸುಬು. ಚೀನಾ ಮತ್ತು ಅಮೆರಿಕ ಕೊರಿಯಾದಲ್ಲಿ ಕತ್ತಿ ಹಿರಿದು ನಿಂತಿದ್ದಾಗ ನಡುವೆ ನಿಂತು ಈ ಕಸುಬು ಮಾಡಿದವರು ನಮ್ಮ ಕರ್ನಾಟಕದವರೇ. ಹೆಸರು ಬೆನೆಗಲ್ ನರಸಿಂಗ ರಾವ್. ಊರು ಮಂಗಳೂರು.

ಸಂವಿಧಾನ ಅಂದಕೂಡಲೆ ಡಾ. ಅಂಬೇಡ್ಕರ್ ನೆನಪಾಗುತ್ತಾರೆ, ಸರಿಯೇ. ಆದರೆ 1947ರಲ್ಲಿ ಮೊದಲ ಕರಡು ಬರೆದು ಅಂಬೇಡ್ಕರರ ಸಮಿತಿಯ ಮುಂದಿಟ್ಟವರು ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಈ ರಾಯರು. 1949ರ ನವೆಂಬರ್ 25ರಂದು ಸಭೆಯಲ್ಲಿ ಅಂಬೇಡ್ಕರರೇ ಈ ಮಾತು ಹೇಳಿ ಅವರನ್ನು ನೆನೆದರು.

ಮಂಗಳೂರಿನಿಂದ ಲೇಕ್ ಸಕ್ಸೆಸ್

ರಾಯರು ಹುಟ್ಟಿದ್ದು 1887ರಲ್ಲಿ. ತಂದೆ ಡಾಕ್ಟರು. ಮಂಗಳೂರಿನ ಕೆನರಾ ಹೈಸ್ಕೂಲು, ಮದರಾಸಿನ ಪದವಿ, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು, ಆಮೇಲೆ ಐ.ಸಿ.ಎಸ್. ಬಂಗಾಳ, ಅಸ್ಸಾಂಗಳಲ್ಲಿ ಚಾಕರಿ. ಕಲ್ಕತ್ತಾ ಹೈಕೋರ್ಟಿನ ಜಡ್ಜು. 1944-45ರಲ್ಲಿ ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿ. ಬರ್ಮಾ ದೇಶದ ಸಂವಿಧಾನಕ್ಕೂ ಅವರದೇ ನೆರವು. ತಮ್ಮ ರಾಮರಾವ್ 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರು. ಆ ಕಾಲದ ಅಂಗಡಿಗಲ್ಲಾಗಳಲ್ಲಿ ಈ ಮನೆತನದ ರುಜು ಓಡಾಡಿತು! ಇನ್ನೊಬ್ಬ ತಮ್ಮ ಬಿ. ಶಿವರಾವ್ ಹೆಸರಾಂತ ಪತ್ರಕರ್ತ.

ಇಂಥ ಕಾನೂನು ಪಂಡಿತರನ್ನು ಸರ್ಕಾರ ವಿಶ್ವಸಂಸ್ಥೆಗೆ ಕಳಿಸಿತು. ಹೋಗುವ ಹೊತ್ತಿಗೆ ಅಲ್ಲಿ ಕಾದಿದ್ದದ್ದು ಒಂದು ದೊಡ್ಡ ಖಾತೆ ತಕರಾರು.

ಖಾತೆ ಒಬ್ಬನದು, ಸ್ವಾಧೀನ ಇನ್ನೊಬ್ಬನದು

1949ರ ಅಕ್ಟೋಬರ್ 1ರಂದು ಮಾವೋ ಪೀಕಿಂಗಿನಲ್ಲಿ ಕಮ್ಯುನಿಸ್ಟ್ ಸರ್ಕಾರ ಘೋಷಿಸಿದ. ಸೋತ ಚಿಯಾಂಗ್ ಕೈ ಷೇಕ್ ತೈವಾನ್ ದ್ವೀಪ ಸೇರಿಕೊಂಡ. ಆದರೆ ವಿಶ್ವಸಂಸ್ಥೆಯಲ್ಲಿ ಚೀನಾದ ಕುರ್ಚಿ ಮೇಲೆ ಚಿಯಾಂಗನ ಮನುಷ್ಯನೇ ಕೂತಿದ್ದ. ಅದು ಸಾಮಾನ್ಯ ಕುರ್ಚಿಯೇ? ವಿಟೋ ಅಧಿಕಾರದ ಕುರ್ಚಿ!

ಹುಣಸೂರಿನ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹುಣಸೂರಿನವರೇ ಆದ ದೇವರಾಜ ಅರಸರು ಮುಖ್ಯಮಂತ್ರಿಯಾಗಿದ್ದಾಗ, 1974ರಲ್ಲಿ, ಉಳುವವನೇ ಹೊಲದೊಡೆಯ ಎಂಬ ಕಾನೂನು ಜಾರಿಗೆ ಬಂದಾಗ ತಾಲ್ಲೂಕು ಕಚೇರಿಯ ಮುಂದೆ ನಡೆದ ವಾದವೇ ಇದು. ಪಹಣಿಯಲ್ಲಿ ಹೆಸರು ಒಬ್ಬನದು, ಗೇಯುವವನು ಇನ್ನೊಬ್ಬ. ಯಾರನ್ನು ಒಡೆಯ ಅನ್ನೋದು?

1949ರ ಡಿಸೆಂಬರ್ 30ರಂದು ಭಾರತ ಪೀಕಿಂಗ್ ಸರ್ಕಾರವನ್ನು ಮಾನ್ಯ ಮಾಡಿತು. 1950ರ ಸೆಪ್ಟೆಂಬರ್ 19ರಂದು ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಚೀನಾದ ಜಾಗ ಚೀನಾ ಆಳುವವರಿಗೇ ಸಿಗಲಿ ಎಂಬ ಭಾರತದ ಗೊತ್ತುವಳಿ ಬಂತು. ಭಾರತದ ಪರವಾಗಿ ರಾಯರು ಮುಂದಿಟ್ಟ ವಾದ ಸರಳ. ಒಂದು ದೇಶದ ಮೇಲೆ ಹಿಡಿತ ಇರುವ, ಬಹುಪಾಲು ಜನ ಮಾತು ಕೇಳುವ, ಬೇಗ ಬಿದ್ದುಹೋಗದಂಥ ಸರ್ಕಾರ ಮಾತ್ರ ವಿಶ್ವಸಂಸ್ಥೆಗೆ ಕೊಟ್ಟ ಮಾತನ್ನು ನಡೆಸಿಕೊಡಬಲ್ಲದು. ಆ ಸರ್ಕಾರ ನಮಗೆ ಇಷ್ಟವೋ ಇಲ್ಲವೋ ಅನ್ನುವುದು ಬೇರೆ ಪ್ರಶ್ನೆ.

ಗೊತ್ತುವಳಿ ಬಿದ್ದುಹೋಯಿತು. ಪರ 16, ವಿರುದ್ಧ 33, ತಟಸ್ಥ 10.

ಖಾಲಿ ಕುರ್ಚಿಯ ಬೆಲೆ

ಈ ತಕರಾರಿನ ಬೆಲೆ ಎಷ್ಟು ಎಂಬುದು ಅದಾಗಲೇ ಗೊತ್ತಾಗಿತ್ತು. ಚೀನಾದ ಕುರ್ಚಿಯ ವಿಷಯದಲ್ಲಿ ಮುನಿಸಿಕೊಂಡು ರಷ್ಯಾ 1950ರ ಜನವರಿಯಿಂದಲೇ ಭದ್ರತಾ ಮಂಡಳಿಯಿಂದ ಹೊರಗುಳಿದಿತ್ತು. ಜೂನ್ 25ರಂದು ಕೊರಿಯಾ ಯುದ್ಧ ಹೊತ್ತಿಕೊಂಡಿತು. ಆ ತಿಂಗಳು ಮಂಡಳಿಯ ಅಧ್ಯಕ್ಷ ಪೀಠದಲ್ಲಿ ಯಾರು ಗೊತ್ತೇ? ನಮ್ಮ ರಾಯರೇ! ಉತ್ತರ ಕೊರಿಯಾ ಹಿಂದೆ ಸರಿಯಬೇಕು ಎಂಬ ನಿರ್ಣಯಕ್ಕೆ ಭಾರತ ಕೈ ಎತ್ತಿತು. ಎರಡು ದಿನದ ಮೇಲೆ ಸೈನ್ಯದ ನೆರವಿನ ನಿರ್ಣಯ ಬಂದಾಗ ದೆಹಲಿಯ ಅಪ್ಪಣೆ ಕೈಸೇರಿರಲಿಲ್ಲ, ರಾಯರು ಮತ ಹಾಕಲಿಲ್ಲ. ಬೇಡ ಅನ್ನಲು ರಷ್ಯಾ ಇರಲಿಲ್ಲ, ಪೀಕಿಂಗಿಗೆ ಕುರ್ಚಿಯೇ ಇರಲಿಲ್ಲ. ನಿರ್ಣಯ ಪಾಸಾಯಿತು.

ಅಕ್ಟೋಬರ್‌ನಲ್ಲಿ ಚೀನೀ ಪ್ರಧಾನಿ ಚೌ ಎನ್ ಲಾಯ್ ನಡುರಾತ್ರಿ ನಮ್ಮ ರಾಯಭಾರಿ ಪಣಿಕ್ಕರರನ್ನು ಕರೆಸಿ, ಅಮೆರಿಕದ ಪಡೆ 38ನೇ ಅಕ್ಷಾಂಶ ದಾಟಿದರೆ ಚೀನಾ ಕೈಕಟ್ಟಿ ಕೂರದು ಎಂದ. ಅಮೆರಿಕದವರು ಇದನ್ನು ನಂಬಲಿಲ್ಲ. ಪಡೆ ದಾಟಿತು, ಚೀನಾ ಯುದ್ಧಕ್ಕೆ ಇಳಿಯಿತು.

ಇಬ್ಬರೂ ಒಪ್ಪದ ಪಂಚಾಯ್ತಿ

ನವೆಂಬರ್ ಕೊನೆಗೆ ಪೀಕಿಂಗಿನ ನಿಯೋಗವೊಂದು ವು ಷಿಯುಕ್ವಾನ್ ಎಂಬಾತನ ನಾಯಕತ್ವದಲ್ಲಿ ನ್ಯೂಯಾರ್ಕಿಗೆ ಬಂದಿಳಿಯಿತು. ರಾಯರು ಅವರನ್ನು ಕಂಡು ಮಾತಾಡಿದರು. 13 ಏಷ್ಯಾ-ಅರಬ್ ದೇಶಗಳನ್ನು ಸೇರಿಸಿ ಕದನ ನಿಲ್ಲಿಸುವ ಗೊತ್ತುವಳಿ ತಂದರು. ಡಿಸೆಂಬರ್ 14ರಂದು ಮಹಾಸಭೆ ಅದನ್ನು ಒಪ್ಪಿ ಮೂವರ ಪಂಚಾಯ್ತಿ ಮಾಡಿತು: ಇರಾನಿನ ಎಂತೆಜಾಂ, ಕೆನಡಾದ ಲೆಸ್ಟರ್ ಪಿಯರ್ಸನ್, ಭಾರತದ ರಾವ್.

ಫಲ? ಯಾರ ಪರವಾಗಿ ಇಷ್ಟು ವಾದಿಸಿದರೋ ಅವರೇ ಬಾಗಿಲು ಹಾಕಿದರು. ನಮ್ಮನ್ನು ಹೊರಗಿಟ್ಟು ಮಾಡಿದ ಪಂಚಾಯ್ತಿ ನಮಗೆ ಸಲ್ಲದು ಅಂದಿತು ಪೀಕಿಂಗ್. ವು ಡಿಸೆಂಬರ್ 19ರಂದು ಗಂಟುಮೂಟೆ ಕಟ್ಟಿದ. ಜನವರಿಯಲ್ಲಿ ಮೂವರು ಸೇರಿ ಐದು ಸೂತ್ರ ಮುಂದಿಟ್ಟರು, ಅದಕ್ಕೂ ಚೀನಾ ಬೇರೆ ಷರತ್ತು ಹಾಕಿತು.

ಇನ್ನೊಬ್ಬರಾಗಿದ್ದರೆ ಅಲ್ಲಿಗೆ ಕೈತೊಳೆದುಕೊಳ್ಳುತ್ತಿದ್ದರು. ಆದರೆ ಚೀನಾವನ್ನು ದುರಾಕ್ರಮಣಕಾರಿ ಎಂದು ಸಾರುವ ಅಮೆರಿಕದ ಗೊತ್ತುವಳಿ ಬಂದಾಗ ರಾಯರು ಎದ್ದು ನಿಂತು, ಹೀಗೆ ಮಾಡಿದರೆ ಮಾತುಕತೆಯ ದಾರಿ ಮುಚ್ಚುತ್ತದೆ ಎಂದು ಎಚ್ಚರಿಸಿದರು. 1951ರ ಫೆಬ್ರವರಿ 1ರಂದು 44 ದೇಶ ಪರ, 7 ವಿರುದ್ಧ. ಆ ಏಳರಲ್ಲಿ ರಷ್ಯಾದ ಬಣ ಬಿಟ್ಟರೆ ಇದ್ದದ್ದು ಭಾರತ ಮತ್ತು ಬರ್ಮಾ ಮಾತ್ರ. ಯುದ್ಧ ಮತ್ತೆ ಎರಡು ವರ್ಷ ಎಳೆದು, ಕೊನೆಗೆ 1953ರ ಜುಲೈ 27ರಂದು ಕದನ ವಿರಾಮದಲ್ಲೇ ನಿಂತಿತು.

1952ರಲ್ಲಿ ರಾಯರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. 1953ರ ನವೆಂಬರ್ 30ರಂದು ಜೂರಿಕ್‌ನಲ್ಲಿ ತೀರಿಕೊಂಡಾಗ ವಯಸ್ಸು 66.

ಪೆಟ್ಟು ತಿಂದವರು ಪಕ್ಕದಲ್ಲೇ

ಇಷ್ಟೆಲ್ಲ ಮಾಡಿ ನಮಗೆ ಸಿಕ್ಕಿದ್ದೇನು ಎಂದು ಬಸ್ಸಿನಲ್ಲಿ ಕೂತವರು ಕೇಳಿಯಾರು. ನ್ಯಾಯವಾದ ಪ್ರಶ್ನೆಯೇ. 1962ರಲ್ಲಿ ಚೀನಾ ನಮ್ಮ ಗಡಿ ಮೇಲೇ ನುಗ್ಗಿತು.

ಇನ್ನೊಂದು ಲೆಕ್ಕವೂ ಇದೆ. ಪಿರಿಯಾಪಟ್ಟಣ ದಾಟಿ ಕುಶಾಲನಗರದ ಕಡೆ ಹೋಗುವ ಬಸ್ಸಿನಲ್ಲಿ ಕೆಂಪು ಬಟ್ಟೆಯ ಬೌದ್ಧ ಸನ್ಯಾಸಿಗಳು ಬೈಲುಕುಪ್ಪೆಗೆ ಟಿಕೆಟ್ ತೆಗೆದುಕೊಳ್ಳುವುದು ದಿನಾ ಕಾಣುವ ನೋಟ. 1950ರ ಅಕ್ಟೋಬರ್‌ನಲ್ಲಿ, ನ್ಯೂಯಾರ್ಕಿನಲ್ಲಿ ಚೀನಾದ ಕುರ್ಚಿಯ ವಾದ ನಡೆದಾಗಲೇ, ಚೀನೀ ಸೈನ್ಯ ಟಿಬೆಟ್ ಹೊಕ್ಕಿತು. ನವೆಂಬರ್‌ನಲ್ಲಿ ಟಿಬೆಟ್ ವಿಶ್ವಸಂಸ್ಥೆಗೆ ಮೊರೆಯಿಟ್ಟಿತು. ಎಲ್ ಸಾಲ್ವಡಾರ್ ಎಂಬ ಪುಟ್ಟ ದೇಶ ಆ ದೂರನ್ನು ಎತ್ತಿಕೊಂಡಿತು. ಶಾಂತಿಯಿಂದ ಬಗೆಹರಿದೀತು ಎಂದು ಭಾರತದ ಪ್ರತಿನಿಧಿ ಹೇಳಿದರು, ವಿಚಾರಣೆ ಮುಂದಕ್ಕೆ ಹೋಯಿತು. ಬಗೆಹರಿಯಲಿಲ್ಲ. 1959ರಲ್ಲಿ ದಲೈಲಾಮಾ ಭಾರತಕ್ಕೆ ಬಂದರು. 1960ರ ದಶಕದ ಮೊದಲಲ್ಲಿ ಅಂದಿನ ಮೈಸೂರು ಸರ್ಕಾರ ಕೊಟ್ಟ ಕಾಡುಭೂಮಿಯಲ್ಲಿ ಬೈಲುಕುಪ್ಪೆಯ ನಿರಾಶ್ರಿತರು ನೆಲೆ ನಿಂತರು. ಆಮೇಲೆ ಹುಣಸೂರು ತಾಲ್ಲೂಕಿನ ಗುರುಪುರದಲ್ಲೂ ಶಿಬಿರವಾಯಿತು.

ಸ್ವಾಧೀನ ಇದ್ದವನಿಗೇ ಕುರ್ಚಿ ಅನ್ನುವ ಕಾನೂನು ಯಾರು ಆಳುತ್ತಿದ್ದಾರೆ ಎಂದು ಹೇಳುತ್ತದೆ. ಆಳುವವನು ಮಾಡಿದ್ದೆಲ್ಲ ಸರಿ ಎಂದು ಅದು ಹೇಳುವುದಿಲ್ಲ. ರಾಯರ ವಾದದ ಬಲವೂ ಇದೇ, ಅದರ ಮಿತಿಯೂ ಇದೇ. ಕುರ್ಚಿ ಕೊಟ್ಟರೆ ಎದುರು ಕೂರಿಸಿ ಕೇಳಬಹುದು ಅನ್ನುವುದಷ್ಟೇ ಅದರ ಭರವಸೆ.

ಕಡೆಗೆ 1971ರ ಅಕ್ಟೋಬರ್ 25ರಂದು ವಿಶ್ವಸಂಸ್ಥೆ ಚೀನಾದ ಕುರ್ಚಿಯನ್ನು ಪೀಕಿಂಗಿಗೇ ಕೊಟ್ಟಿತು. ಪರ 76, ವಿರುದ್ಧ 35, ತಟಸ್ಥ 17. ಗಡಿಯಲ್ಲಿ ಪೆಟ್ಟು ತಿಂದು ಒಂಬತ್ತು ವರ್ಷವಾಗಿದ್ದರೂ ಭಾರತ ಪರವಾಗಿಯೇ ಮತ ಹಾಕಿತು. ಜಗತ್ತು ಆ ಮಾತಿಗೆ ಬರಲು 21 ವರ್ಷ ಹಿಡಿಯಿತು. ಆ ವಾದವನ್ನು 1950ರಲ್ಲಿ ಮಂಡಿಸಿದ ಮಂಗಳೂರಿನ ರಾಯರು ಸತ್ತು ಆಗಲೇ ಹೆಚ್ಚುಕಮ್ಮಿ 18 ವರ್ಷವಾಗುತ್ತ ಬಂದಿತ್ತು.